ನಂದಿ ಮೆಟ್ಟಿಲು ಮತ್ತೆ ಹತ್ತುವ ಮೊದಲು: ಲಿಗಮೆಂಟ್ ಆಪರೇಷನ್ ಆದ ಮಂಡಿಯೊಳಗೆ ನಡೆಯುವುದೇನು

ಚಿಂತಾಮಣಿ ಹತ್ತಿರದ ಒಂದು ಹಳ್ಳಿಯಲ್ಲಿ ಊರಹಬ್ಬದ ಕಬಡ್ಡಿ. ಒಂದು ತಂಡಕ್ಕೆ ಆಟಗಾರರು ಕಮ್ಮಿ ಬಿದ್ದಿದ್ದರು. ‘ಮೇಷ್ಟ್ರೇ, ನೀವೂ ಬನ್ನಿ’ ಅಂತ ಹಳೇ ವಿದ್ಯಾರ್ಥಿಗಳು ಕೈಹಿಡಿದು ಎಳೆದರು. ನನಗೆ 41 ವರ್ಷ. ಭಾನುವಾರ ತಪ್ಪದೆ ಸುಲ್ತಾನ್‌ಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು ಹತ್ತುವ ಕಾಲು, ಯಾಕಾಗಬಾರದು ಅಂದುಕೊಂಡೆ. ಎರಡನೇ ರೈಡಿನಲ್ಲಿ ಗೆರೆ ಮುಟ್ಟಿ ತಟ್ಟನೆ ತಿರುಗಿದೆ. ಮೈ ತಿರುಗಿತು, ಪಾದ ಮಾತ್ರ ನೆಲಕ್ಕೆ ಕಚ್ಚಿಕೊಂಡು ಅಲ್ಲೇ ಉಳಿಯಿತು. ಬಲಮಂಡಿಯ ಒಳಗೆ ‘ಟಪ್’ ಅಂತ ಒಂದು ಸದ್ದು. ಯಾರೂ ನನ್ನನ್ನು ಮುಟ್ಟಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಮಾರನೇ ದಿನ ಎಕ್ಸ್‌ರೇ ತೆಗೆಸಿದರೆ ಮೂಳೆಗೆ ಏನೂ ಆಗಿರಲಿಲ್ಲ. ಮೂರು ವಾರಕ್ಕೆ ಊತ ಇಳಿಯಿತು, ನಡೆಯುವುದಕ್ಕೆ ತೊಂದರೆ ಇರಲಿಲ್ಲ. ಬಚಾವಾದೆ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಬಸ್ಸಿಂದ ಇಳಿದು ಪಕ್ಕಕ್ಕೆ ತಿರುಗಿದೆ ನೋಡಿ, ಮಂಡಿ ತನ್ನ ಪಾಡಿಗೆ ತಾನು ಜಾರಿ ನಾನು ರಸ್ತೆ ಮೇಲಿದ್ದೆ.

ಅಲ್ಲಿಂದ ಈಚೆಗೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ‘ಎಷ್ಟು ದಿನಕ್ಕೆ ಸರಿಹೋಗುತ್ತಂತೆ?’ ನಾನೂ ಡಾಕ್ಟರನ್ನು ಮೊದಲು ಕೇಳಿದ್ದು ಅದನ್ನೇ. ಆ ಪ್ರಶ್ನೆಯೇ ಯಾಕೆ ಸರಿಯಿಲ್ಲ ಅಂತ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಓಡಾಡುವ, ಆಡುವ, ಬೆಟ್ಟ ಹತ್ತುವ ಜನ ಈ ಆಪರೇಷನ್ನಿನ ಮುಂದೆ ನಿಂತಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಮೇಷ್ಟ್ರು. ನಿಮ್ಮ ಮಂಡಿಗೆ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆ ಮಾತು.

ಮೊದಲು ಮಂಡಿಯ ಕಟ್ಟಡ ನೋಡೋಣ. ಸೊಂಟದ ಕೀಲು ಒರಳಲ್ಲಿ ಕೂತ ಗುಂಡಿನ ಹಾಗೆ. ಎಷ್ಟು ತಿರುಗಿಸಿದರೂ ಗುಂಡು ಒರಳು ಬಿಟ್ಟು ಬರುವುದಿಲ್ಲ. ಮಂಡಿಗೆ ಆ ಭಾಗ್ಯವಿಲ್ಲ. ತೊಡೆಮೂಳೆಯ ತುದಿಯಲ್ಲಿ ಎರಡು ಗುಂಡು, ಅವು ಕೂತಿರುವುದು ಕಣಕಾಲು ಮೂಳೆಯ ಚಪ್ಪಟೆ ತಲೆಯ ಮೇಲೆ. ಚಪ್ಪಡಿ ಕಲ್ಲಿನ ಮೇಲೆ ಎರಡು ಗುಂಡುಕಲ್ಲು ಇಟ್ಟಂತೆ. ಉರುಳದೆ ನಿಲ್ಲಬೇಕಾದರೆ ಕಟ್ಟು ಬೇಕು, ಆ ಕಟ್ಟುಗಳೇ ಲಿಗಮೆಂಟುಗಳು. ಎರಡು ಪಕ್ಕದಲ್ಲಿ, ಇನ್ನೆರಡು ಮಂಡಿಯ ನಟ್ಟನಡುವೆ ಒಂದನ್ನೊಂದು ಅಡ್ಡಹಾಯ್ದು. ಆ ನಡುವಿನ ಎರಡರಲ್ಲಿ ಮುಂದಿನದಕ್ಕೆ ಎಸಿಎಲ್ ಅನ್ನುತ್ತಾರೆ. ಉದ್ದ ಸುಮಾರು 3 ಸೆಂಟಿಮೀಟರು, ಕಿರುಬೆರಳಿನಷ್ಟು ದಪ್ಪ. ಕಣಕಾಲು ಮುಂದಕ್ಕೆ ಜಾರದಂತೆ, ತಿರುಗುವಾಗ ಹದ ತಪ್ಪದಂತೆ ಹಿಡಿದುಕೊಳ್ಳುವುದು ಅದರ ಕೆಲಸ.

ಗುಂಡು ಮತ್ತು ಚಪ್ಪಡಿ ನಡುವೆ ಇನ್ನೊಂದಿದೆ. ಬಿಂದಿಗೆ ಅಲ್ಲಾಡದಿರಲಿ ಅಂತ ತಲೆ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಿದ್ದರಲ್ಲ, ಹಾಗೆ ಒಳಗೊಂದು ಹೊರಗೊಂದು ಅರ್ಧ ಸಿಂಬಿಗಳು. ಇವು ಮೆನಿಸ್ಕಸ್. ಭಾರವನ್ನು ಹರಡುವುದು ಇವುಗಳ ಪಾಲು. ಲಿಗಮೆಂಟ್ ಹರಿಯುವಾಗ ಎಷ್ಟೋ ಸಲ ಸಿಂಬಿಯೂ ಸೀಳುತ್ತದೆ. ನನ್ನ ಒಳಸಿಂಬಿಯ ಅಂಚೂ ಸೀಳಿತ್ತು.

ಇಷ್ಟು ಗೊತ್ತಾದರೆ ನನ್ನ ಒಗಟುಗಳೆಲ್ಲ ಬಿಡಿಸಿಕೊಳ್ಳುತ್ತವೆ. ಯಾರೂ ಮುಟ್ಟದೆ ಹರಿದದ್ದು ಯಾಕೆ? ಇಂಥ ಗಾಯಗಳಲ್ಲಿ ಹತ್ತಕ್ಕೆ ಏಳು ಹೀಗೆಯೇ ಆಗುವುದು, ತಿರುಗುವಾಗಲೋ ನೆಗೆದು ಇಳಿಯುವಾಗಲೋ. ಕೆಲವೇ ಗಂಟೆಯಲ್ಲಿ ಊದಿದ್ದು ಯಾಕೆ? ಲಿಗಮೆಂಟಿನ ಜೊತೆ ಅದರ ರಕ್ತನಾಳಗಳೂ ಹರಿದು ಕೀಲಿನೊಳಗೆ ರಕ್ತ ತುಂಬಿತ್ತು. ಎಕ್ಸ್‌ರೇ ಯಾಕೆ ಸುಮ್ಮನಿತ್ತು? ಅದು ಮೂಳೆ ತೋರಿಸುತ್ತದೆ, ಹಗ್ಗ ತೋರಿಸುವುದಿಲ್ಲ. ಡಾಕ್ಟರು ಮಂಡಿಯನ್ನು ಸ್ವಲ್ಪ ಮಡಿಸಿ ಎರಡೂ ಕೈಯಲ್ಲಿ ಹಿಡಿದು ಕಣಕಾಲನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಲ್ಯಾಕ್‌ಮನ್ ಪರೀಕ್ಷೆ ಅಂತ ಅದರ ಹೆಸರು, ಒಂದು ನಿಮಿಷವೂ ಬೇಡ. ಪಳಗಿದ ಕೈಗೆ ಅಲ್ಲೇ ಗೊತ್ತಾಗುತ್ತದೆ. ಎಂಆರ್‌ಐ ಬರುವುದು ಆಮೇಲೆ, ಸಿಂಬಿಯ ಗತಿ ಏನಾಗಿದೆ ಅಂತ ತಿಳಿಯುವುದಕ್ಕೆ. ಮೂರು ವಾರಕ್ಕೆ ನಡೆಯಲು ಬಂದದ್ದು ಯಾಕೆ? ನೇರ ನಡಿಗೆಗೆ ಎಸಿಎಲ್ ಅಷ್ಟಾಗಿ ಬೇಡ, ತಿರುವಿಗೆ ಬೇಕು. ಬಸ್ಸಿಂದ ಇಳಿದು ನಾನು ಮಾಡಿದ್ದು ಅದೇ, ತಿರುವು.

ತಾನಾಗಿ ಕೂಡಿಕೊಳ್ಳುವುದಿಲ್ಲವೇ ಅಂದರೆ, ಒಳಪಕ್ಕದ ಲಿಗಮೆಂಟು ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಎಸಿಎಲ್ ಪೂರ್ತಿ ಹರಿದರೆ ಕೂಡಿಕೊಳ್ಳುವುದು ಕಷ್ಟ. ಅದು ಕೀಲಿನ ನೀರಿನಲ್ಲಿ ನೆನೆಯುತ್ತಿರುತ್ತದೆ, ಹರಿದ ಎರಡು ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ಸೇತುವೆ ಆಗುವುದಿಲ್ಲ. ನಮ್ಮ ಕಡೆ ಕಾಲಿಗೆ ಏನಾದರೂ ಮೊದಲು ಹೊಳೆಯುವುದು ಆಂಧ್ರದ ಪುತ್ತೂರು ಕಟ್ಟು. ನನಗೂ ನಾಲ್ಕು ಜನ ಹೇಳಿದರು, ಒಬ್ಬರು ಕಾರು ತರುತ್ತೇನೆ ಅಂತಲೂ ಅಂದರು. ಕಟ್ಟು ಅನ್ನುವುದು ಮೂಳೆ ಅಲುಗದಿರಲು ಹಾಕುವಂಥದ್ದು. ಹರಿದ ಎಸಿಎಲ್ಲಿನ ತುದಿಗಳನ್ನು ಹೊರಗಿನ ಪಟ್ಟಿ ಕೂಡಿಸಲಾರದು. ಅದರ ಮೇಲೆ ವಾರಗಟ್ಟಲೆ ಕಾಲು ಅಲುಗಿಸದೆ ಇದ್ದರೆ ತೊಡೆ ಕರಗಿಹೋಗುತ್ತದೆ. ಊದಿದ ಮಂಡಿಗೆ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸುವುದೂ ಬೇಡ.

ಇಲ್ಲೊಂದು ಗೊಂದಲ ಬಿಡಿಸಬೇಕು. ‘ಮಂಡಿ ಆಪರೇಷನ್’ ಅಂದಕೂಡಲೆ ಪಕ್ಕದ ಮನೆಯವರು ತಮ್ಮ ಅತ್ತೆಗೆ ಆದದ್ದನ್ನು ಹೇಳಲು ಶುರು ಮಾಡುತ್ತಾರೆ. ಅದು ಮಂಡಿ ಬದಲಿ, ಸವೆದ ಕೀಲಿಗೆ ಲೋಹ-ಪ್ಲಾಸ್ಟಿಕ್ಕಿನ ಹೊಸ ಮೈ ಹಾಕುವುದು. 2017ರ ಆಗಸ್ಟಿನಲ್ಲಿ ಸರ್ಕಾರ ಬೆಲೆಗೆ ಮಿತಿ ಹಾಕಿತಲ್ಲ, ಅದು ಆ ಬದಲಿ ಸಾಮಾನಿಗೆ. ನನಗಾದದ್ದು ಹರಿದ ಹಗ್ಗದ ಜಾಗಕ್ಕೆ ಹೊಸ ಹಗ್ಗ. ಇವೆರಡರ ದಾರಿ, ದಿನ, ಎಚ್ಚರಿಕೆ ಎಲ್ಲವೂ ಬೇರೆ. ಇನ್ನೂ ಒಂದು ಮಾತು, ಬಾಗೇಪಲ್ಲಿ, ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೂ ಮಂಡಿ, ಸೊಂಟ ಬಿಗಿಯುತ್ತವೆ. ಆ ನೋವಿಗೆ ಹಗ್ಗದ ಆಪರೇಷನ್ ಮದ್ದಲ್ಲ. ನೋವು ಮಂಡಿಯಲ್ಲಿದ್ದ ಮಾತ್ರಕ್ಕೆ ಕಾಯಿಲೆ ಒಂದೇ ಅಲ್ಲ.

ಆಪರೇಷನ್ ಬೇಕೇಬೇಕಾ? ನಾನು ಇದಕ್ಕೆ ‘ಹೌದು’ ಅನ್ನುವ ಉತ್ತರ ಮಾತ್ರ ಇರುತ್ತದೆ ಅಂದುಕೊಂಡಿದ್ದೆ. 2010ರಲ್ಲಿ ಸ್ವೀಡನ್ನಿನಿಂದ ಒಂದು ಅಧ್ಯಯನ ಬಂತು. ಎಸಿಎಲ್ ಹರಿದ, ಚಟುವಟಿಕೆಯಿಂದಿದ್ದ 121 ಜನ, 18ರಿಂದ 35ರ ವಯಸ್ಸಿನವರು. ಅರ್ಧ ಜನಕ್ಕೆ ಬೇಗ ಆಪರೇಷನ್, ಜೊತೆಗೆ ವ್ಯಾಯಾಮ. ಉಳಿದರ್ಧಕ್ಕೆ ಮೊದಲು ವ್ಯಾಯಾಮ ಮಾತ್ರ, ಮಂಡಿ ಜಾರುತ್ತಲೇ ಇದ್ದರೆ ಆಮೇಲೆ ಆಪರೇಷನ್. ಎರಡು ವರ್ಷ ಕಳೆದು ನೋಡಿದರೆ ಎರಡು ಗುಂಪಿನ ಮಂಡಿಗಳ ನೋವು, ಕೆಲಸ, ಆಟದ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡನೇ ಗುಂಪಿನ 59 ಜನರಲ್ಲಿ ಎರಡು ವರ್ಷದೊಳಗೆ 23 ಜನ, ಐದು ವರ್ಷದ ಹೊತ್ತಿಗೆ 30 ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಹೆಚ್ಚುಕಮ್ಮಿ ಅರ್ಧಕ್ಕರ್ಧ. ವೃತ್ತಿಪರ ಆಟಗಾರರನ್ನು ಅದರಲ್ಲಿ ಸೇರಿಸಿರಲಿಲ್ಲ ಅನ್ನುವುದನ್ನೂ ಮರೆಯಬಾರದು.

ಇದರಿಂದ ನನಗೆ ತಿಳಿದದ್ದು, ವ್ಯಾಯಾಮ ಇಬ್ಬರಿಗೂ ತಪ್ಪಿದ್ದಲ್ಲ, ಆಪರೇಷನ್ ಕೆಲವರಿಗೆ ತಪ್ಪಬಹುದು. ಸೈಕಲ್ಲು, ನೇರ ನಡಿಗೆ, ಈಜು ಸಾಕು ಅನ್ನುವವರು ತೊಡೆ ಗಟ್ಟಿ ಮಾಡಿಕೊಂಡು ಹಾಗೇ ಬಾಳಬಹುದು. ಕಬಡ್ಡಿ, ಫುಟ್‌ಬಾಲ್, ಶಟಲ್ ಬಿಡಲಾರೆ ಅನ್ನುವವರು, ಮತ್ತೆ ಮತ್ತೆ ಮಂಡಿ ಜಾರುವವರು, ಹೊಲಿಯಬಹುದಾದ ಸಿಂಬಿ ಸೀಳು ಇರುವವರು ಆಪರೇಷನ್ ಕಡೆಗೆ ವಾಲುತ್ತಾರೆ. ಜಾರಿದಾಗಲೆಲ್ಲ ಸಿಂಬಿ ಇನ್ನಷ್ಟು ನಜ್ಜಾಗುತ್ತದೆ, ಸಿಂಬಿ ಹೋದ ಮಂಡಿಗೆ ಸವೆತ ಬೇಗ ಬರುತ್ತದೆ. ನಾನು ಆಪರೇಷನ್ನಿಗೆ ಒಪ್ಪಿದ್ದು ಈ ಸಿಂಬಿಯ ಲೆಕ್ಕಕ್ಕೇ ಹೊರತು ಕಬಡ್ಡಿಗಾಗಿ ಅಲ್ಲ.

ಒಪ್ಪಿದೆ ಅಂದ ಮಾತ್ರಕ್ಕೆ ನಾಳೆಯೇ ಟೇಬಲ್ ಮೇಲೆ ಮಲಗಿಸುವುದಿಲ್ಲ. ಊದಿದ, ಬಿಗಿದ, ಪೂರ್ತಿ ನೆಟ್ಟಗಾಗದ ಮಂಡಿಗೆ ಕೈಹಾಕಿದರೆ ಆಮೇಲೂ ಅದು ಬಿಗಿದೇ ಉಳಿಯುವ ಅಪಾಯ ಇದೆ. ಕೀಲು ಸಿಕ್ಕಿಹಾಕಿಕೊಂಡಿದ್ದರೆ ಮಾತು ಬೇರೆ. ನನಗೆ ಐದು ವಾರ ಕಾಯಿಸಿದರು. ಊತ ಇಳಿಸು, ಕಾಲು ನೆಟ್ಟಗೆ ಮಾಡು, ತೊಡೆ ಬಲಪಡಿಸು. ಆ ಐದು ವಾರವನ್ನು ನಾನು ಶಾಪ ಹಾಕುತ್ತಾ ಕಳೆದೆ. ಈಗ ನೋಡಿದರೆ ನನಗೆ ಸಿಕ್ಕ ಮುಂಗಡ ಅದೇ.

ಆಪರೇಷನ್ ಬಗ್ಗೆ ಹೇಳಲು ಬಹಳ ಇಲ್ಲ. ಬೆನ್ನಿಗೆ ಇಂಜೆಕ್ಷನ್, ಮಂಡಿಯ ಮುಂದೆ ಎರಡು ಸಣ್ಣ ತೂತು, ಒಂದರಲ್ಲಿ ಪೆನ್ಸಿಲಿಗಿಂತ ತೆಳುವಾದ ಕ್ಯಾಮೆರಾ, ಇನ್ನೊಂದರಲ್ಲಿ ಸಲಕರಣೆ. ತೊಡೆಮೂಳೆ, ಕಣಕಾಲು ಮೂಳೆ ಎರಡರಲ್ಲೂ ಸುರಂಗ ಕೊರೆದು, ನನ್ನದೇ ಮೈಯಿಂದ ತೆಗೆದ ಒಂದು ನಾರನ್ನು ಅದರೊಳಗೆ ಎಳೆದು ಸ್ಕ್ರೂ, ಬಟನ್ ಹಾಕಿ ಬಿಗಿದರು. ಸಿಂಬಿಗೆ ಎರಡು ಹೊಲಿಗೆ. ಮಂಡಿಯೊಳಗೆ ಇಣುಕಿ ನೋಡುವ ಈ ವಿದ್ಯೆ ಬೆಳೆದದ್ದು ಹೆಚ್ಚಾಗಿ ಜಪಾನಿನಲ್ಲಿ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ, ಮೂತ್ರಕೋಶ ನೋಡುವ ನಳಿಗೆಯನ್ನು ಶವವೊಂದರ ಮಂಡಿಗೆ ತೂರಿಸಿ ನೋಡಿದರಂತೆ. ಅದಕ್ಕೂ ಮುಂಚೆ, 1895ರಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೋ ರಾಬ್ಸನ್ ಎಂಬ ಸರ್ಜನ್ ಹರಿದ ಈ ಹಗ್ಗಗಳನ್ನು ಮಂಡಿ ತೆರೆದು ಹೊಲಿದಿದ್ದರು. ರೋಗಿ ಒಬ್ಬ ಗಣಿ ಕೆಲಸಗಾರ, ನನ್ನ ಹಾಗೇ 41 ವರ್ಷದವನು. ಇದನ್ನು ಓದಿದಾಗ ಕೆಜಿಎಫ್‌ನ ಆಳಕ್ಕೆ ಇಳಿದು ಹತ್ತುತ್ತಿದ್ದ ಮಂಡಿಗಳ ನೆನಪಾಯಿತು. ಅವಕ್ಕೆ ಏನೇನಾಗಿತ್ತೋ, ಯಾರು ನೋಡಿದರೋ.

ನಾರು ಎಲ್ಲಿಂದ ತೆಗೆಯುತ್ತಾರೆ ಅನ್ನುವುದನ್ನು ಮಾತ್ರ ನೀವು ಕೂತು ಮಾತಾಡಬೇಕು. ತೊಡೆಯ ಹಿಂಭಾಗದಿಂದ ತೆಗೆಯಬಹುದು, ಮಂಡಿಚಿಪ್ಪಿನ ಕೆಳಗಿನ ಪಟ್ಟಿಯಿಂದ ತೆಗೆಯಬಹುದು, ಚಿಪ್ಪಿನ ಮೇಲಿನಿಂದಲೂ ತೆಗೆಯಬಹುದು. ಚಿಪ್ಪಿನ ಕೆಳಗಿನದು ಗಟ್ಟಿ, ಎರಡು ತುದಿಯಲ್ಲೂ ಮೂಳೆಯ ತುಂಡು ಇರುವುದರಿಂದ ಸುರಂಗದಲ್ಲಿ ಬೇಗ ಬೆಸೆಯುತ್ತದೆ. ಆದರೆ ಮಂಡಿಯೂರಿದರೆ ನೋವು ಉಳಿಯಬಹುದು. ಟೈಲ್ಸ್ ಹಾಕುವವರು, ದಿನಕ್ಕೆ ಐದು ಹೊತ್ತು ನಮಾಜು ಮಾಡುವವರು ಇದನ್ನು ಮೊದಲೇ ಹೇಳಬೇಕು. ತೊಡೆಯ ಹಿಂಭಾಗದ್ದು ತೆಗೆದರೆ ಮಂಡಿಯೂರಲು ಅಡ್ಡಿ ಕಮ್ಮಿ, ಆದರೆ ಕಾಲನ್ನು ಪೂರ್ತಿ ಹಿಂದಕ್ಕೆ ಮಡಿಸುವ ಬಲ ಸ್ವಲ್ಪ ಕುಗ್ಗುತ್ತದೆ. ಡಾಕ್ಟರು ‘ಯಾವ ಆಟ ಆಡ್ತೀರಿ’ ಅಂತ ಕೇಳುತ್ತಾರೆ. ‘ನಾನು ಬೆಳಿಗ್ಗೆ ಸಂಜೆ ಎರಡು ಹಸು ಕರೆಯುತ್ತೇನೆ, ಕುಕ್ಕರಗಾಲಲ್ಲಿ ಕೂರಬೇಕು’ ಅಂತ ನೀವೇ ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಹಾಲು, ರೇಷ್ಮೆ, ಟೊಮ್ಯಾಟೊ ನಂಬಿದ ನಮ್ಮ ಸೀಮೆಯಲ್ಲಿ ಅರ್ಧ ಕೆಲಸ ಕುಕ್ಕರಗಾಲಲ್ಲೇ ನಡೆಯುವುದು.

ಈಗ ಮನೆಗೆ ಬರೋಣ. ನಿಜವಾದ ಕೆಲಸ ಇಲ್ಲಿಂದ.

ಮೊದಲ ದಿನ ಫಿಸಿಯೋಥೆರಪಿಯ ಹುಡುಗಿ ‘ಸಾರ್, ತೊಡೆ ಬಿಗಿ ಮಾಡಿ’ ಅಂದಳು. ಮಾಡಿದೆ. ಏನೂ ಆಗಲಿಲ್ಲ. ಅಂದರೆ, ನನ್ನ ಪ್ರಕಾರ ಮಾಡಿದೆ, ತೊಡೆ ಅಲುಗಲಿಲ್ಲ. ಬೆಟ್ಟ ಹತ್ತಿಸುತ್ತಿದ್ದ ಸ್ನಾಯು ಅದು, ರಾತ್ರೋರಾತ್ರಿ ನನ್ನ ಮಾತು ಕೇಳುವುದನ್ನು ನಿಲ್ಲಿಸಿತ್ತು. ಹೆದರಿದೆ, ನರ ಕತ್ತರಿಸಿಬಿಟ್ಟರೇನೋ ಅಂತ. ಅವಳು ನಕ್ಕಳು. ಕೀಲಿನಲ್ಲಿ ಊತ ಇರುವಷ್ಟು ದಿನ ನರಮಂಡಲವೇ ತೊಡೆಯ ಮುಂದಿನ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಹಿಡಿಯುತ್ತದೆ. ಬೋರ್‌ವೆಲ್ಲಿನ ಸ್ಟಾರ್ಟರ್ ಟ್ರಿಪ್ ಆದ ಹಾಗೆ. ಮೋಟಾರು ಸುಟ್ಟಿಲ್ಲ, ಕೇಬಲ್ ತುಂಡಾಗಿಲ್ಲ, ಕರೆಂಟು ಮಾತ್ರ ಹೋಗುತ್ತಿಲ್ಲ. ಹಾಗಾಗಿ ಮೊದಲ ಎರಡು ವಾರದ ಕೆಲಸವೆಲ್ಲ ಆ ಸ್ಟಾರ್ಟರನ್ನು ಮತ್ತೆ ಹಾಕುವುದೇ. ಬಟ್ಟೆ ಸುತ್ತಿದ ಐಸು 15-20 ನಿಮಿಷ, ಕಾಲನ್ನು ಎದೆಗಿಂತ ಎತ್ತರಕ್ಕೆ ಇಡುವುದು, ತೊಡೆ ಬಿಗಿಮಾಡಿ ಐದು ಎಣಿಸಿ ಬಿಡುವುದು, ನೆಟ್ಟಗೆ ಕಾಲೆತ್ತುವುದು. ನೋಡುವವರಿಗೆ ಇದು ವ್ಯಾಯಾಮ ಅಂತಲೇ ಅನ್ನಿಸುವುದಿಲ್ಲ. ನನಗೆ ಕಾಲು ಎತ್ತಲು ಆದದ್ದು ನಾಲ್ಕನೇ ದಿನ. ಎತ್ತಿದಾಗ ಮನೆಯಲ್ಲಿ ಚಪ್ಪಾಳೆ ಬಿತ್ತು.

ಇದೇ ವಾರಗಳಲ್ಲಿ ಮನೆಮನೆಯಲ್ಲೂ ನಡೆಯುವ ಒಂದು ತಪ್ಪಿದೆ. ತಪ್ಪು ಮಾಡುವುದು ಪ್ರೀತಿಯಿಂದ. ಅಮ್ಮ ಬಂದು ನೋಡಿ, ‘ಅಯ್ಯೋ, ಮಂಡಿ ಹಂಗೇ ಗಾಳೀಲಿ ಬಿಟ್ಟಿದೀಯಲ್ಲೋ’ ಅಂತ ಕೆಳಗೆ ಮೆತ್ತನೆ ದಿಂಬು ತುರುಕಿದರು. ಎಂಥಾ ಸುಖ! ಮಂಡಿ ಸ್ವಲ್ಪ ಮಡಿಸಿದ್ದರೆ ಊತದ ಒತ್ತಡ ಕಮ್ಮಿಯಾಗುತ್ತದೆ, ಅದಕ್ಕೇ ಆ ಸುಖ. ಆದರೆ ಮಡಿಸಿಟ್ಟ ಮಂಡಿ ಮಡಿಸಿದಂತೆಯೇ ಬಿಗಿಯುತ್ತದೆ. ಹೊಸ ನಾರಿನ ಮುಂದೆ ಗಾಯದ ಗಂಟು ಬೆಳೆದು ಬಾಗಿಲಿಗೆ ಸಿಕ್ಕಿದ ಕಲ್ಲಿನ ಹಾಗೆ ಅಡ್ಡ ಕೂತರಂತೂ, ಅದನ್ನು ತೆಗೆಯಲು ಇನ್ನೊಂದು ಸಲ ತೂತು ಹಾಕಬೇಕಾಗಬಹುದು. ಐದು ಡಿಗ್ರಿ ಬಾಗಿ ಉಳಿದ ಮಂಡಿಯಲ್ಲಿ ಜನ್ಮವಿಡೀ ಕುಂಟು, ತೊಡೆಗೆ ಬಿಡುವಿಲ್ಲದ ದುಡಿತ. ದಿಂಬು ಬೇಕಿದ್ದರೆ ಹಿಮ್ಮಡಿಯ ಕೆಳಗೆ ಇಡಿ, ಮಂಡಿ ತನ್ನ ಭಾರಕ್ಕೆ ತಾನೇ ನೆಟ್ಟಗಾಗಲಿ. ನೋಯುತ್ತದೆ. ಮಡಿಸುವುದು ನಿಧಾನಕ್ಕೆ ಬಂದೇ ಬರುತ್ತದೆ, ನೆಟ್ಟಗಾಗುವುದು ಮೊದಲ ವಾರಗಳಲ್ಲಿ ತಪ್ಪಿದರೆ ಆಮೇಲೆ ಕಾಡಿಸುತ್ತದೆ. ಅಮ್ಮನಿಗೆ ಇದನ್ನು ಒಪ್ಪಿಸಲು ಫಿಸಿಯೋ ಹುಡುಗಿಯೇ ಬರಬೇಕಾಯಿತು.

ಎಚ್ಚರ ಬೇಕಾದ ಲಕ್ಷಣಗಳನ್ನು ಚುಟುಕಾಗಿ ಹೇಳುತ್ತೇನೆ. ಮೀನಖಂಡ ಊದಿ ಬಿಗಿದು ನೋಯುವುದು, ತಟ್ಟನೆ ಉಸಿರು ಕಟ್ಟುವುದು ಅಂದರೆ ರಕ್ತ ಹೆಪ್ಪುಗಟ್ಟಿರಬಹುದು. ಜ್ವರ, ಗಾಯದಿಂದ ಕೀವು, ಇಳಿಯುತ್ತಿದ್ದ ನೋವು ಮತ್ತೆ ಏರುವುದು ಸೋಂಕಿನ ಗುರುತು. ಇವೆರಡಕ್ಕೆ ನಾಳೆ ಅನ್ನಬಾರದು. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹತೋಟಿಗೆ ತಂದುಕೊಳ್ಳಬೇಕು, ಬೀಡಿ ಸಿಗರೇಟು ಬಿಡಬೇಕು. ಗಾಯದ ಪಕ್ಕ ಅಂಗೈಯಗಲ ಜಾಗ ಮರಗಟ್ಟಿದ್ದರೆ ಗಾಬರಿ ಬೇಡ, ಚರ್ಮದ ಸಣ್ಣ ನರ ಕಡಿದಿರುತ್ತದೆ, ಅಷ್ಟೇ.

ಎರಡು ತಿಂಗಳು ತುಂಬಿದವು. ಸಿಂಬಿಗೆ ಹೊಲಿಗೆ ಬಿದ್ದಿದ್ದರಿಂದ ಮೊದಲ ಆರು ವಾರ ಊರುಗೋಲು, 90 ಡಿಗ್ರಿಗಿಂತ ಮಡಿಸುವಂತಿಲ್ಲ ಅನ್ನುವ ಕಟ್ಟಪ್ಪಣೆ ಇತ್ತು. ಅದು ಮುಗಿಯಿತು. ನೋವಿಲ್ಲ, ಊತವಿಲ್ಲ. ಶಾಲೆಗೆ ಹೋಗುತ್ತಿದ್ದೆ. ‘ಮೇಷ್ಟ್ರೇ, ಫುಲ್ ಫಿಟ್ಟು’ ಅಂತ ಹುಡುಗರು. ನನಗೂ ಹಾಗೇ ಅನ್ನಿಸುತ್ತಿತ್ತು. ಈ ಇಡೀ ಲೇಖನವನ್ನು ನಾನು ಬರೆಯುತ್ತಿರುವುದು ಈ ಒಂದು ಘಟ್ಟಕ್ಕಾಗಿ. ಯಾಕೆಂದರೆ ಒಳಗಿನ ನಾರು ಅತಿ ದುರ್ಬಲವಾಗಿರುವುದು ಸರಿಯಾಗಿ ಆಗಲೇ.

ಇಂಗ್ಲಿಷಿನವರು ಗ್ರಾಫ್ಟ್ ಅನ್ನುವುದಕ್ಕೆ ನಮ್ಮಲ್ಲಿ ಚೆನ್ನಾದ ಮಾತಿದೆ, ಕಸಿ. ಶ್ರೀನಿವಾಸಪುರದ ಕಡೆ ಮಾವಿಗೆ ಕಸಿ ಕಟ್ಟುವವರನ್ನು ನೋಡಿದ್ದೇನೆ. ಕಟ್ಟಿ, ಸುತ್ತಿ, ನೆರಳಲ್ಲಿಟ್ಟು ಕಾಯುತ್ತಾರೆ. ಹಿಡಿಯಿತಾ ಅಂತ ಯಾರೂ ಎಳೆದು ನೋಡುವುದಿಲ್ಲ. ಮಂಡಿಯ ಕಸಿಯೂ ಹಾಗೇ, ಆದರೆ ಒಂದು ವ್ಯತ್ಯಾಸ ಇದೆ. ಮಾವಿನ ಕಡ್ಡಿ ಬದುಕಿದ್ದೇ ಕೂಡಿಕೊಳ್ಳುತ್ತದೆ. ಮಂಡಿಗೆ ಹಾಕಿದ ನಾರು ಮೊದಲು ಒಳಗಿಂದ ಸಾಯುತ್ತದೆ. ಅದರ ಹಳೇ ಜಾಗದ ರಕ್ತದ ದಾರಿ ಕಡಿದಿದೆ, ಹೊಸ ದಾರಿ ಇನ್ನೂ ಬಂದಿಲ್ಲ, ಒಳಗಿನ ಜೀವಕೋಶಗಳು ಹೋಗುತ್ತವೆ. ಉಳಿಯುವುದು ಎಳೆಗಳ ಗೂಡು. ಆಮೇಲೆ ಸುತ್ತಲಿಂದ ಹೊಸ ರಕ್ತನಾಳಗಳು ನುಗ್ಗುತ್ತವೆ, ಹೊಸ ಜೀವಕೋಶಗಳು ಬಂದು ಹಳೇ ಎಳೆಗಳನ್ನು ಬಿಚ್ಚಿ ಹೊಸದಾಗಿ ಹೆಣೆಯಲು ತೊಡಗುತ್ತವೆ. ಹಳೇ ಮನೆಯಲ್ಲಿ ವಾಸ ಮಾಡಿಕೊಂಡೇ ತೊಲೆ ಬದಲಾಯಿಸುವ ಹಾಗೆ. ಒಂದಷ್ಟು ತೊಲೆ ಕಿತ್ತಿರುತ್ತಾರೆ, ಹೊಸದು ಇನ್ನೂ ಕೂತಿರುವುದಿಲ್ಲ. ಆಗ ಮಹಡಿಯ ಮೇಲೆ ಕುಣಿಯಬಾರದು. ಹಾಕಿದ ದಿನ ಹಗ್ಗ ಗಟ್ಟಿ. ಆರರಿಂದ ಹನ್ನೆರಡು ವಾರದ ಆಸುಪಾಸಿನಲ್ಲಿ ಅತಿ ಮೆತ್ತಗೆ. ಅಲ್ಲಿಂದ ಮತ್ತೆ ಗಟ್ಟಿಯಾಗುತ್ತಾ ಹೋಗುವುದು ಒಂದು ವರ್ಷ, ಅದನ್ನೂ ದಾಟಿ.

ನೋವಿನ ಗಡಿಯಾರ ಬೇರೆ, ನಾರಿನ ಗಡಿಯಾರ ಬೇರೆ. ನೋವು ಎರಡು ತಿಂಗಳಿಗೆ ‘ಆಯ್ತು ಹೋಗು’ ಅನ್ನುತ್ತದೆ. ನಾರು ಆಗ ತೊಲೆ ಕಿತ್ತ ಮನೆ. ಆಪರೇಷನ್ ಆದ ಕಾಲಲ್ಲೇ ಗಾಡಿ ಕಿಕ್ ಹೊಡೆಯುವವರು, ಮದುವೆಯಲ್ಲಿ ಕುಣಿಯುವವರು, ಮಳೆ ಬಿದ್ದ ಹೊಲದ ಬದುವಿನಲ್ಲಿ ಜಾರುವವರು ಹೆಚ್ಚಾಗಿ ಎಡವುವುದು ಈ ಹೊತ್ತಿನಲ್ಲಿ. ಹಾಗಂತ ಸುಮ್ಮನೆ ಕೂತರೂ ಆಗುವುದಿಲ್ಲ, ಹದವಾದ ಭಾರ ಬಿದ್ದರೇ ಎಳೆಗಳು ಸರಿಯಾದ ದಿಕ್ಕಿಗೆ ಹೆಣೆದುಕೊಳ್ಳುವುದು. ನಿಂತ ಜಾಗದ ಸೈಕಲ್ಲು, ಅರ್ಧ ಬಸ್ಕಿ, ಒಂದೇ ಕಾಲಲ್ಲಿ ನಿಲ್ಲುವುದು, ಮೆಟ್ಟಿಲ ಮೇಲೆ ನಿಧಾನಕ್ಕೆ ಹತ್ತಿ ಇಳಿಯುವುದು. ತಿರುವು, ನೆಗೆತ, ಓಟ ಬೇಡ. ಓಟ ಶುರುವಾಗುವುದು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಾದ ಮೇಲೆ, ಅದೂ ತೊಡೆಯ ಬಲ ಅಳೆದು ನೋಡಿ. ನಾನು ಈ ತಿಂಗಳುಗಳಲ್ಲಿ ವ್ಯಾಯಾಮ ತಪ್ಪಿಸಿದಷ್ಟು ಮೊದಲ ತಿಂಗಳಲ್ಲಿ ತಪ್ಪಿಸಿರಲಿಲ್ಲ. ನೋವಿದ್ದಾಗ ಹೆದರಿಕೆ ಎಬ್ಬಿಸುತ್ತಿತ್ತು. ನೋವು ಹೋದ ಮೇಲೆ ಎಬ್ಬಿಸುವವರು ಯಾರೂ ಇರಲಿಲ್ಲ.

ದಿನದ ಬದುಕಿನ ಲೆಕ್ಕ ಡಿಗ್ರಿಯಲ್ಲಿದೆ. ನಡೆಯಲು ಮಂಡಿ 60-65 ಡಿಗ್ರಿ ಮಡಿಸಿದರೆ ಸಾಕು. ಮೆಟ್ಟಿಲಿಗೆ 90ರ ಹತ್ತಿರ. ಸೈಕಲ್ ತುಳಿಯಲು 110. ಕುಕ್ಕರಗಾಲಿಗೆ, ಚಕ್ಕಳಮಕ್ಕಳ ಹಾಕಲು 130 ದಾಟಬೇಕು. ಪರದೇಶದ ಚಾರ್ಟುಗಳನ್ನು ನೋಡಿ ‘120 ಬಂತು, ಮುಗೀತು’ ಅಂದುಕೊಳ್ಳಬೇಡಿ. ನಮಗೆ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು, ದೇವರ ಮುಂದೆ ಕೂರಬೇಕು, ಎಷ್ಟೋ ಮನೆಗಳಲ್ಲಿ ಪಾಯಿಖಾನೆಯೂ ಕುಕ್ಕರಗಾಲಿನದೇ. ಆಪರೇಷನ್ನಿಗೆ ಮುಂಚೆಯೇ ಪ್ಲಾಸ್ಟಿಕ್ ಕಮೋಡ್ ಕುರ್ಚಿ ಒಂದನ್ನು ತಂದಿಟ್ಟುಕೊಳ್ಳಿ. ಬಾತ್‌ರೂಮಿನ ಪಾಚಿ ಉಜ್ಜಿಸಿ. ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ಊರುಗೋಲು ಹಿಡಿದವರಿಗೆ ಮಾತ್ರ ಗೊತ್ತು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಬಲಗಾಲಾದರೆ ಕಾರು, ಗಾಡಿ ಓಡಿಸಲು ತಿಂಗಳು ಒಂದೂವರೆ ತಿಂಗಳು ಕಾಯಬೇಕು. ಗಟ್ಟಿಯಾಗಿ ಬ್ರೇಕ್ ಒತ್ತಲು ಆಗುತ್ತದಾ ಅನ್ನುವುದೇ ಪರೀಕ್ಷೆ.

ದುಡ್ಡಿನ ಮಾತೂ ಬೇಕು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಉಳಿದವರಿಗೆ ಪ್ಯಾಕೇಜಿನ 30 ಶೇಕಡಾ, 1.5 ಲಕ್ಷದ ಮಿತಿಯೊಳಗೆ ಅಂತ ಇದೆ. ಯಾವ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಅದರಡಿ ಬರುತ್ತದೆ, ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕಾ ಅನ್ನುವುದನ್ನು ಅಲ್ಲಿನ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಸ್ಕ್ರೂ, ಬಟನ್ನಿನ ಬೆಲೆಯನ್ನು ಬೇರೆಯಾಗಿ ಕೇಳಿ. ಹೆಚ್ಚಿನವರು ಲೆಕ್ಕ ಹಾಕದೇ ಬಿಡುವುದು ಫಿಸಿಯೋಥೆರಪಿಯನ್ನು. ಆಪರೇಷನ್ನಿಗೆ ಸಾಲ ಮಾಡಿ, ಮೂರನೇ ವಾರಕ್ಕೆ ಫಿಸಿಯೋ ನಿಲ್ಲಿಸಿದ ಎಷ್ಟೋ ಜನರನ್ನು ಫಿಸಿಯೋ ಕೋಣೆಯಲ್ಲೇ ಕಂಡೆ. ಹೀಗೆ ಮಾಡಿದರೆ ಮನೆ ಕಟ್ಟಿ ಸೂರು ಹಾಕದೆ ಬಿಟ್ಟಂತೆ. ದಿನಾ ಬರಲಾಗದವರು ವಾರಕ್ಕೊಮ್ಮೆ ಹೋಗಿ ಮುಂದಿನ ವಾರದ ವ್ಯಾಯಾಮ ಕಲಿತು ಬಂದು ಮನೆಯಲ್ಲಿ ಮಾಡಬಹುದು. ಅದಕ್ಕೆ ಎರಡು ಇಟ್ಟಿಗೆ, ಒಂದು ಟವಲ್ಲು, ಒಂದು ಗೋಡೆ ಸಾಕು.

ಮತ್ತೆ ಆಟಕ್ಕೆ ಯಾವಾಗ? ನಾರ್ವೆಯಲ್ಲಿ 106 ಜನರನ್ನು ಗಮನಿಸಿದ ಅಧ್ಯಯನವೊಂದು 2016ರಲ್ಲಿ ಬಂತು. ಆಪರೇಷನ್ ಆಗಿ ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಗಾಯವಾಗುವ ಪ್ರಮಾಣ 51 ಶೇಕಡಾ ಇಳಿಯುತ್ತಾ ಬಂತು. ಅದಕ್ಕಿಂತ ನನಗೆ ನಾಟಿದ್ದು ಇನ್ನೊಂದು ಅಂಕಿ. ತೊಡೆಯ ಬಲ, ಒಂಟಿಕಾಲಿನ ನೆಗೆತ ಎಲ್ಲದರಲ್ಲೂ ಇನ್ನೊಂದು ಕಾಲಿನ 90 ಶೇಕಡಾ ಮುಟ್ಟಿ, ಪರೀಕ್ಷೆ ಪಾಸಾಗಿ ಮರಳಿದವರಲ್ಲಿ ಮತ್ತೆ ಗಾಯವಾದದ್ದು 5.6 ಶೇಕಡಾ ಜನಕ್ಕೆ. ಪಾಸಾಗದೆ ಮರಳಿದವರಲ್ಲಿ 38.2. ಮೇಷ್ಟ್ರಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಾಜರಿ ತುಂಬಿದ ಮಾತ್ರಕ್ಕೆ ಮುಂದಿನ ಕ್ಲಾಸಿಗೆ ದಾಟಿಸಿದರೆ ಏನಾಗುತ್ತದೋ ಅದೇ. ಒಂಬತ್ತು ತಿಂಗಳು ಅನ್ನುವುದು ಹಾಜರಿ, ನೆಗೆತ ಅನ್ನುವುದು ಪರೀಕ್ಷೆ. ಎರಡೂ ಬೇಕು. ‘ಎಷ್ಟು ದಿನ’ ಅಂತ ಕೇಳಿದವರಿಗೆ ನಾನೀಗ ‘ಎಷ್ಟು ದೂರ ನೆಗೆಯುತ್ತೆ ಅಂತ ಕೇಳಿ’ ಅನ್ನುತ್ತೇನೆ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಏಳನೇ ತಿಂಗಳಲ್ಲಿ ನನ್ನ ನೆಗೆತ 78. ಹತ್ತನೆಯದರಲ್ಲಿ 91. ಕಾಲು ಪಾಸಾಯಿತು, ತಲೆ ಆಗಿರಲಿಲ್ಲ. ಒಂಟಿಕಾಲಲ್ಲಿ ನೆಗೆದು ಇಳಿಯುವ ಕ್ಷಣದಲ್ಲಿ ಕಿವಿಯೊಳಗೆ ಅದೇ ‘ಟಪ್’. ಈ ಹೆದರಿಕೆ ಎಲ್ಲರಿಗೂ ಬರುವಂಥದ್ದೇ, ಇದನ್ನೂ ಮಟ್ಟ ಮಟ್ಟವಾಗಿಯೇ ಇಳಿಸಬೇಕು ಅಂತ ಫಿಸಿಯೋ ಹುಡುಗಿ ನೆಲಕ್ಕೆ ಬಳಪದಲ್ಲಿ ಕುಂಟೆಬಿಲ್ಲೆಯ ಮನೆ ಬರೆದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ತಿಂಗಳು ಕುಂಟೆಬಿಲ್ಲೆ ಆಡಿದೆ.

ಹನ್ನೊಂದನೇ ತಿಂಗಳ ಒಂದು ಭಾನುವಾರ ಸುಲ್ತಾನ್‌ಪೇಟೆಗೆ ಹೋದೆ. ನಂದಿಬೆಟ್ಟದ ನೆತ್ತಿ 1,478 ಮೀಟರು, ಮೆಟ್ಟಿಲು ಸಾವಿರದ ಮೇಲೆ. ಹತ್ತುವುದು ಮಂಡಿಗೆ ಅಷ್ಟು ಕಷ್ಟವಲ್ಲ, ಏದುಸಿರು ಬರುವುದು ಎದೆಗೆ. ಕಷ್ಟ ಇಳಿಯುವುದು. ಇಳಿಯುವಾಗ ತೊಡೆ ಬಿಗಿಯಾಗಿದ್ದುಕೊಂಡೇ ಉದ್ದವಾಗಬೇಕು, ಬ್ರೇಕ್ ಹಿಡಿದ ಗಾಡಿಯ ಹಾಗೆ, ಚಿಪ್ಪಿನ ಹಿಂದೆ ಮೈಭಾರದ ಮೂರು ಪಟ್ಟು ಒತ್ತಡ ಬೀಳುತ್ತದೆ. ಹಾಗಾಗಿ ಹತ್ತಿ ಹೋಗಿ, ಮೇಲೆ ಮಂಜಿನಲ್ಲಿ ಒಂದು ಟೀ ಕುಡಿದು, ಬಸ್ಸಿನಲ್ಲಿ ಕೆಳಗಿಳಿದೆ. ಮುಂದಿನ ನಾಲ್ಕು ಭಾನುವಾರವೂ ಅಷ್ಟೇ. ಐದನೆಯದಕ್ಕೆ ನಡೆದು ಇಳಿದೆ, ಕೋಲು ಹಿಡಿದು.

ಕಬಡ್ಡಿಗೆ ಹೋಗಿಲ್ಲ. 25ರ ಒಳಗಿನವರು ಇಂಥ ಆಟಕ್ಕೆ ಮರಳಿದರೆ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮತ್ತೆ ಹರಿಯುತ್ತದಂತೆ, ಅದೇ ಮಂಡಿ ಇಲ್ಲವೇ ಇನ್ನೊಂದು. ನನ್ನದು ಆ ವಯಸ್ಸಲ್ಲ. ಆದರೂ ‘ಇನ್ನೊಂದು’ ಅನ್ನುವ ಮಾತು ಓದಿದ ಮೇಲೆ ಎಡಗಾಲಿಗೂ ಅಷ್ಟೇ ಬಸ್ಕಿ, ಅಷ್ಟೇ ಕುಂಟೆಬಿಲ್ಲೆ ಮಾಡಿಸುತ್ತಿದ್ದೇನೆ. ಶಾಲೆಯ ಕಬಡ್ಡಿ ತಂಡದ ಹುಡುಗರಿಗೂ ಈಗ ಆಟಕ್ಕೆ ಮುಂಚೆ ಹದಿನೈದು ನಿಮಿಷ ಇದೇ, ನೆಗೆದು ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ, ತಿರುಗುವ ಮೊದಲು ಪಾದ ಎತ್ತುವಂತೆ. ‘ಸಾರ್, ಇದು ಹುಡುಗೀರ ಆಟ’ ಅಂತ ಮೊದಲ ದಿನ ಗೊಣಗಿದರು. ಪ್ಯಾಂಟು ಮಡಚಿ ಮಂಡಿಯ ಗಾಯ ತೋರಿಸಿದೆ. ಸಾಲಾಗಿ ನಿಂತು ಕುಂಟೆಬಿಲ್ಲೆಗೆ ಶುರುಮಾಡಿದರು.